ತೋಡಾರಿನ ಆಡು

ಬರೆಹಗಾರರಾಗಲು ಕೆಲವರು ಹಿಮಾಲಯದವರೆಗೂ ಹೋದದ್ದುಂಟಂತೆ. ನಾನು ಹೋದದ್ದು ಕನ್ಯಾನದಿಂದ ತೋಡಾರಿಗೆ, ಅದೂ ವಿಚಾರಣೆಗೆ.

ತೊಂಬತ್ತರ ದಶಕದ ಒಂದು ಮೇ ತಿಂಗಳು. ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದಾಗ ಕಿಸೆಯಲ್ಲಿ, ರಜೆಯಲ್ಲಿ ಊರಿಗೆ ಬಂದಿದ್ದ ಇಬ್ರಾಹಿಮನ ಕಾರ್ಡಿತ್ತು: “ಮಾಷ್ಟ್ರು ಒಮ್ಮೆ ಬರಬೇಕು. ಆಡಿನ ವಿಷಯ ಮಾತಾಡಲಿಕ್ಕುಂಟು. ನಮ್ಮಲ್ಲಿ ಆಡೇ ಇಲ್ಲ. ಆಯಿಶಾ ಗೊತ್ತಿಲ್ಲ ಅಂತಾಳೆ. ನಾನು ಅವಳಲ್ಲಿ ಮಾತು ಬಿಟ್ಟಿದ್ದೇನೆ.”

ಹಿಂದಿನ ವರ್ಷ ನಾನು ತೋಡಾರಿನ ಶಾಲೆಯಲ್ಲಿದ್ದೆ. ನೆರೆಮನೆಯ ಆಯಿಶಾ ದುಬೈಯಲ್ಲಿದ್ದ ಗಂಡ ಇಬ್ರಾಹಿಮನಿಗೆ ನನ್ನಿಂದ ಕಾಗದ ಬರೆಸುತ್ತಿದ್ದಳು. ಪಕ್ಕದಲ್ಲೇ ಅತ್ತೆ. ಹಾಗಾಗಿ ಹೇಳುತ್ತಿದ್ದದ್ದು ಎರಡೇ ವಾಕ್ಯ: ಎಲ್ಲರೂ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ. ನೀಲಿ ಕಾಗದದ ಮುಕ್ಕಾಲು ಪಾಲು ಖಾಲಿ. ಮಕ್ಕಳ ಖಾಲಿ ಹಾಳೆಗಳಿಗೆ ಸೊನ್ನೆ ಕೊಟ್ಟು ಬಂದ ಕೈ ಸುಮ್ಮನಿರಲಿಲ್ಲ. ಮನೆಗೆ ಬಂದು ಒಂದು ಆಡನ್ನು ಸೇರಿಸಿದೆ. ಅದು ಅತ್ತೆಯ ವೀಳ್ಯದೆಲೆ ತಿಂದಿತು. ಮರುತಿಂಗಳು ಬಸ್ಸು ಹತ್ತಿ ಮೂಡುಬಿದಿರೆ ನೋಡಿ ಬಂತು. ಇದನ್ನೆಲ್ಲ ಆಯಿಶಾಳಿಗೆ ಓದಿ ಹೇಳುವ ಮರ್ಯಾದೆ ನನಗೆ ತೋಚಲಿಲ್ಲ.

ಬಿ.ಸಿ.ರೋಡಿನಲ್ಲಿ ಇಳಿದಾಗ ಎಂಟೂವರೆ. ಹೋಟೆಲಿನಲ್ಲಿ ಬನ್ಸ್ ತರಿಸಿಕೊಂಡೆ, ಅರ್ಧಕ್ಕೇ ಬಿಟ್ಟು ಎದ್ದೆ. ಹೊರಗೆ ಬೆಳ್ತಂಗಡಿಯ ಬಸ್ಸು ಗುರುಗುಟ್ಟುತ್ತಿತ್ತು. ಆ ದಾರಿಯ ಗುರುವಾಯನಕೆರೆಯಲ್ಲಿ ತಂಗಿಯ ಮನೆ ಉಂಟು, ಅಲ್ಲಿ ಆಡಿನ ಸುದ್ದಿ ಯಾರಿಗೂ ತಿಳಿಯದು. ಕಾಲು ಅತ್ತ ನಡೆದೇಬಿಟ್ಟಿತು. “ಹತ್ತುವುದಾದರೆ ಹತ್ತಿ ಮಾರಾಯ್ರೇ, ಬಾಗಿಲು ಹಿಡಿದು ಧ್ಯಾನ ಮಾಡ್ಬೇಡಿ,” ಎಂದ ಕಂಡಕ್ಟರ್. ತಾನು ಹೇಳದ ಸುಳ್ಳಿಗೆ ಗಂಡನ ಮಾತು ಕಳೆದುಕೊಂಡ ಆಯಿಶಾಳ ನೆನಪಾಯಿತು. ಕೈ ಬಿಟ್ಟೆ.

ಮೂಡುಬಿದಿರೆಯ ಬಸ್ಸಿಗೆ ಏಳು ರೂಪಾಯಿ. ಸಿದ್ಧಕಟ್ಟೆಯಲ್ಲಿ ಅರ್ಧ ಬಸ್ಸು ಖಾಲಿಯಾದರೂ ನನ್ನ ಬೆವರಿದ ಅಂಗಿ ಒಣಗಲಿಲ್ಲ. ಮೂಡುಬಿದಿರೆಯಿಂದ ಇನ್ನೊಂದು ಬಸ್ಸು ಹಿಡಿದು ತೋಡಾರಿನಲ್ಲಿ ಇಳಿದೆ.

ಇಬ್ರಾಹಿಂ ಜಗಲಿಯಲ್ಲಿ ಕಾಗದಗಳನ್ನೆಲ್ಲ ಜೋಡಿಸಿಟ್ಟುಕೊಂಡು ಕಾದಿದ್ದ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಕುಳಿತುಕೊಳ್ಳಲು ಹೇಳುವ ಮೊದಲೇ ನಾನು ಹೇಳಿದೆ:

“ಆಡು ನನ್ನದು. ಅವರು ಹೇಳಿದ್ದು ಕ್ಷೇಮ ಎಂಬುದು ಮಾತ್ರ. ಅದು ಸತ್ಯ.”

ಅವನು ಕಾಗದಗಳನ್ನು ಒಮ್ಮೆ ತಿರುವಿಹಾಕಿದ. ಮತ್ತೆ ಒಳಗೆ ತಿರುಗಿ, ಮೆಲ್ಲಗೆ, “ಆಯಿಶಾ, ಮಾಷ್ಟ್ರಿಗೆ ಚಾ ಮಾಡು,” ಎಂದ. ವಿಚಾರಣೆ ಮುಗಿಯಿತೆಂದುಕೊಂಡೆ. ಆದರೆ ಅವನು ಕೊನೆಯ ಕಾಗದವನ್ನು ಎತ್ತಿ ಹಿಡಿದಿದ್ದ.

“ಅಲ್ಲಿ ಒಂದು ಕೋಣೆಯಲ್ಲಿ ನಾವು ಎಂಟು ಜನ. ಶುಕ್ರವಾರ ರಜೆಯ ದಿನ ನಾನು ಈ ಕಾಗದಗಳನ್ನು ಎಲ್ಲರಿಗೂ ಓದಿ ಹೇಳ್ಬೇಕು. ಈ ಕೊನೆಯದರಲ್ಲಿ ಆಡು ಕಾಣೆಯಾಗಿದೆ ಅಂತ ಬರೆದಿರಿ. ಮತ್ತೆ ವರ್ಗ ಆಗಿ ಕನ್ಯಾನಕ್ಕೆ ಹೋದಿರಿ. ಮುಂದಿನ ತಿಂಗಳು ನಾನು ವಾಪಸು ಹೋಗ್ತೇನೆ. ಅವರಿಗೆ ಎಂತ ಹೇಳಲಿ?”

ಆಯಿಶಾ ಚಾ ತಂದಿಟ್ಟಳು. “ಹುಡುಕಿ ಕೊಡಿ ಮಾಷ್ಟ್ರೇ,” ಎಂದಳು, ನನ್ನ ಮುಖ ನೋಡದೆ. “ಈ ಸಲ ನನಗೂ ಓದಿ ಹೇಳಿ.”

ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದೆ. ಸಿದ್ಧಕಟ್ಟೆ ದಾಟುವಾಗ ಆ ಆಡು ಎಲ್ಲಿಗೆ ಹೋಗಿತ್ತೆಂದು ನನಗೆ ಗೊತ್ತಾಯಿತು. ಕಾಗದವಿರಲಿಲ್ಲ, ಟಿಕೆಟಿನ ಹಿಂಬದಿಯಲ್ಲಿ ಬರೆಯತೊಡಗಿದೆ.