ಸಿಡಿಲು ಬಡಿದ ಮೇಲೆ ಮಗುವನ್ನು ಎತ್ತಿಕೊಂಡದ್ದು

ಮೊದಲು ಕೈಯ ಮೇಲಿನ ಕೂದಲು ನಿಮಿರಿ ನಿಂತವು. ಚಳಿಗೆ ಇರಬೇಕು ಅಂದುಕೊಂಡೆ.

ಹಚ್ಚೊಳ್ಳಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ನಾವು ಹೆಂಗಸರು ಭತ್ತ ನಾಟಿ ಮಾಡುತ್ತಿದ್ದೆವು. ಮಳೆ ಜೋರಾಗುತ್ತಲೇ ತಲೆಗೆ ಗೋಣಿಚೀಲ ಹಾಕಿಕೊಂಡು ಬದುವಿನ ಬೇವಿನ ಮರದಡಿಗೆ ಓಡಿದೆವು. ನಾಟಿಯ ಕಾಲದಲ್ಲಿ ನಮಗೆ ಮರವೇ ಮನೆ. ಬುತ್ತಿ ಅಲ್ಲೇ, ನೀರಿನ ಕೊಡ ಅಲ್ಲೇ, ಹಾಲು ಕುಡಿಯುವ ಕೂಸುಗಳಿಗೆ ಸೀರೆಯ ಜೋಳಿಗೆ ಕಟ್ಟುವುದೂ ಅದರ ಕೊಂಬೆಗೇ. ನನ್ನ ನೀಲಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತು ನೆಗಡಿ ಅಂತ ಅತ್ತೆ ಅವಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ನಾನೊಬ್ಬಳು ಮಾತ್ರ ಬಲಭುಜ ಆನಿಸಿ ಮರಕ್ಕೆ ಒರಗಿ ನಿಂತೆ.

ಒಂದು ಬೆಳಕು. ಸದ್ದು ನೆನಪೇ ಇಲ್ಲ.

ಆಮೇಲಿನದನ್ನು ಜೊತೆಗಿದ್ದ ಹುಲಿಗೆಮ್ಮ ಹೇಳಿದಳು. ನಮ್ಮೂರಿಗೆ ಹೊಸದಾಗಿ ಕರೆಂಟು ಬಂದಿತ್ತು. ತಂತಿಗೆ ಅಂಟಿಕೊಂಡವರನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಕಟ್ಟಿಗೆಯಿಂದ ಬಿಡಿಸಬೇಕು ಅಂತ ಲೈನ್‌ಮನ್ ಊರಿಗೆಲ್ಲ ಹೇಳಿಹೋಗಿದ್ದ. ಒಳ್ಳೆಯ ಮಾತೇ. ನಮ್ಮ ಜನ ಅದನ್ನು ಸಿಡಿಲಿಗೂ ಹಚ್ಚಿಬಿಟ್ಟರು. "ಮುಟ್ಟಬ್ಯಾಡ್ರಿ, ಆಕಿ ಮೈಯಾಗ ಕರೆಂಟ್ ಐತಿ" ಎಂದು ಎಲ್ಲರೂ ದೂರ ನಿಂತರಂತೆ. ಹುಲಿಗೆಮ್ಮ ಕಟ್ಟಿಗೆಯಿಂದ ನನ್ನ ಪಕ್ಕೆಗೆ ತಿವಿದು ನೋಡಿದಳಂತೆ. ಕೊನೆಗೆ ನಮ್ಮ ಮನೆಯವರು ಓಡಿಬಂದು, ಕೈಗೆ ಗೋಣಿಚೀಲ ಸುತ್ತಿಕೊಂಡು ನನ್ನನ್ನು ಟ್ರ್ಯಾಕ್ಟರಿಗೆ ಎತ್ತಿ ಹಾಕಿದರು. ಅದೂ ತೊಯ್ದು ತೊಪ್ಪೆಯಾದ ಗೋಣಿಚೀಲ! ಈಗ ನಗು ಬರುತ್ತದೆ. ಆಗ ನನ್ನ ಉಸಿರು ನಿಂತಿದ್ದರೆ ನಗಲು ನಾನೇ ಇರುತ್ತಿರಲಿಲ್ಲ.

ಸಿರುಗುಪ್ಪದಲ್ಲಿ ಇಂಜೆಕ್ಷನ್ ಕೊಟ್ಟು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಚ್ಚರವಾದಾಗ ಬಲಗಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಬಲಗೈ ನನ್ನದೇ ಅಲ್ಲ ಎನ್ನುವಷ್ಟು ಜೋಮು. ಭುಜದಿಂದ ಮೊಣಕೈವರೆಗೆ ಬೇವಿನ ಸೊಪ್ಪು ಒತ್ತಿದ ಹಾಗೆ ಕೆಂಪು ಗೆರೆಗಳು. ಇಸಿಜಿ ಮಾಡಿದರು, ಹೃದಯ ಸರಿಯಿದೆ ಅಂದರು. ಆದರೆ ಹಾಲು ತುಂಬಿ ಎದೆ ಕಲ್ಲಾಗಿತ್ತು. ನರ್ಸ್ ಅದನ್ನು ಹಿಂಡಿ ಚೆಲ್ಲಿದರು. ನೀಲಿಯನ್ನು ಕರೆತನ್ನಿ ಎಂದು ಮನೆಯವರನ್ನು ಕೇಳಿದೆ. ಅವರು ತಲೆ ಬಗ್ಗಿಸಿದರು.

"ಯವ್ವ ಬ್ಯಾಡ ಅಂತಾಳ. ಹಾಲಿನಾಗೂ ಕರೆಂಟ್ ಇಳದಿರತೈತಂತ."

ಹಾಲಿನಲ್ಲಿ ಕರೆಂಟು!

ಡಾಕ್ಟರು ಮೊದಲು ನಕ್ಕರು. ನಾನು ಅಳುವುದನ್ನು ಕಂಡು ನಗು ನಿಲ್ಲಿಸಿದರು. ಆಮೇಲೆ ಮನೆಯವರ ಎದುರಿಗೇ ನನ್ನ ಕೈ ಹಿಡಿದುಕೊಂಡರು. "ನೋಡಪ್ಪಾ, ಸಿಡಿಲು ಬಡಿದ ಗಳಿಗ್ಯಾಗ ಭೂಮಿಗೆ ಹೋಗಿಬಿಡ್ತೈತಿ. ಮೈಯಾಗ ಏನೂ ಉಳಿಯಂಗಿಲ್ಲ. ಬಿದ್ದವರನ್ನ ತಡಮಾಡದ ಮುಟ್ಟಬೇಕು. ಉಸಿರಿಲ್ಲಂದ್ರ ಬಾಯಿಗೆ ಬಾಯಿ ಹಚ್ಚಿ ಊದಬೇಕು, ಎದಿ ಒತ್ತಬೇಕು. ಗುಡುಗು ಕೇಳಿದ್ರ ಮಾತ್ರ ಮರದ ಕೆಳಗ ನಿಲ್ಲಬ್ಯಾಡ್ರಿ, ಗಟ್ಟಿ ಮನಿಯೊಳಗ ಹೋಗ್ರಿ."

ಡಿಸ್ಚಾರ್ಜ್ ಆಗಿ ಊರಿಗೆ ಬಂದೆ. ಅತ್ತೆ ತಮ್ಮ ಮಗನ ರಬ್ಬರ್ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೊಸಿಲೊಳಗೆ ಯಾರ ಚಪ್ಪಲಿಯನ್ನೂ ಬಿಡದಿದ್ದ ಹೆಂಗಸು, ಈಗ ಅಡುಗೆಮನೆಯಲ್ಲೂ ಪಟಪಟ ಅನ್ನಿಸುತ್ತ ಓಡಾಡುತ್ತಿದ್ದರು. ನನ್ನನ್ನು ಕಟ್ಟಿಗೆಯ ಮಣೆಯ ಮೇಲೆ ಕೂರಿಸಿ, ರೊಟ್ಟಿಯ ಬುಟ್ಟಿಯನ್ನು ಕೋಲಿನಿಂದ ತಳ್ಳಿದರು. ನೀಲಿ ಒಳಗಿನ ಕೋಣೆಯಲ್ಲಿ. ಅವಳು ಅತ್ತಾಗಲೆಲ್ಲ ನನ್ನ ಕುಪ್ಪಸ ತೊಯ್ಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಅತ್ತಿ, ಡಾಕ್ಟರ್ ನನ್ನ ಕೈ ಹಿಡದ್ರು. ಅವರಿಗೇನಾತ್ರಿ?"

"ಅವ್ರು ಬೂಟ್ ಹಾಕ್ಕೊಂಡಿದ್ರಲ್ಲ" ಅಂದರು.

ಇದಕ್ಕೆ ಏನು ಹೇಳುತ್ತೀರಿ?

ಮರುದಿನವೂ ನೀಲಿ ಆಕಳ ಹಾಲನ್ನು ಕಕ್ಕಿದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅತ್ತೆ ಪಡಸಾಲೆಗೆ ಬಂದರು. ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಊರಿದರು.

"ಕೂಸಿಗಿಂತ ಮೊದಲ ನಾ ಮುಟ್ಟಿ ನೋಡತೀನಿ. ನಂಗೇನರ ಆದ್ರ ಆಗಲಿ, ನಾ ಉಂಡು ತಿಂದು ಆದಾಕಿ."

"ಯವ್ವಾ!" ಎಂದು ಮನೆಯವರು ಧಾವಿಸಿ ಬಂದರು.

"ನೀ ಸುಮ್ನಿರಲೇ."

ಕಣ್ಣು ಮುಚ್ಚಿದರು. ಗುಡುಗು ಬಂದಾಗ ಹೇಳುವಂತೆ ಅರ್ಜುನ, ಫಲ್ಗುಣ, ಪಾರ್ಥ ಎಂದು ತುಟಿ ಅಲ್ಲಾಡಿಸಿದರು. ನನ್ನ ಬಲಗೈಯನ್ನೇ ಗಟ್ಟಿಯಾಗಿ ಹಿಡಿದರು. ಜೋಮಿನಲ್ಲಿ ನನಗದು ತಿಳಿಯಲಿಲ್ಲ, ಕಣ್ಣಿಗೆ ಮಾತ್ರ ಕಂಡಿತು. ಅವರ ಹಣೆಯ ಮೇಲೆ ಬೆವರು. ಸತ್ತರೂ ಸರಿ ಎಂದೇ ಅವರು ನನ್ನನ್ನು ಮುಟ್ಟಿದ್ದರು. ಅಷ್ಟು ದಿನದ ನನ್ನ ಸಿಟ್ಟು ಎಲ್ಲಿ ಹೋಯಿತೋ! ಕಣ್ಣೀರು ಸುರಿಯಿತು.

ಅತ್ತೆ ಒಂದು ಕಣ್ಣು ತೆರೆದರು. ಏನೂ ಆಗಿರಲಿಲ್ಲ.

"ಕೂಸಿನ್ನ ತಗೊಂಬಾರಲೇ, ಏನ್ ನೋಡಕತ್ತೀದಿ!" ಎಂದು ಮಗನನ್ನೇ ಗದರಿದರು.

ಹಾಲು ಕಡಿಮೆಯಾಗಿತ್ತು, ಆದರೂ ಬಂತು. ನೀಲಿ ಗುಟುಕು ಗುಟುಕಾಗಿ ಕುಡಿದಳು. ಅತ್ತೆ ಪಕ್ಕದಲ್ಲೇ ಕೂತು ಅವಳ ಪಾದ ಸವರುತ್ತಿದ್ದರು.

ನನ್ನ ಬಲಗಿವಿ ಅರ್ಧವೇ ಕೇಳುತ್ತದೆ. ಬೆರಳುಗಳು ಸಸಿ ಹಿಡಿಯುವಷ್ಟು ಬಂದಿವೆ, ಪೂರ್ತಿ ಬರುತ್ತವೋ ಇಲ್ಲವೋ ಗೊತ್ತಿಲ್ಲ. ಇಷ್ಟು ಉಳಿದದ್ದೇ ಪುಣ್ಯ. ಈಗ ಮೋಡ ಗುಡುಗಿದರೆ ನಮ್ಮ ಹೆಂಗಸರು ಸಸಿ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಶಾಲೆಯ ಒಳಗೆ ಓಡುತ್ತಾರೆ. ಓಡಿಸುವವರು ನಮ್ಮ ಅತ್ತೆಯೇ. ಎಲ್ಲರೂ ಸೇರಿದ ಮೇಲೆ ಡಾಕ್ಟರ ಮಾತನ್ನು ಒಪ್ಪಿಸುತ್ತಾರೆ. ಯಾರಾದರೂ ಅನುಮಾನಪಟ್ಟರೆ ಎದ್ದು ನಿಂತು ಎದೆ ತಟ್ಟಿಕೊಳ್ಳುತ್ತಾರೆ.

"ಸಿಡ್ಲು ಬಡದಾಕಿನ್ನ ನಾ ಬರಿಗೈಲೆ ಹಿಡದೀನಿ. ನೋಡ್ರಿ, ಇನ್ನೂ ಅದೀನಿ."