ಮೋಟಾರಿಗೂ ಒಂದು ಕುಂಚಿಗೆ

ಕಲಬುರ್ಗಿಯಲ್ಲಿ ಮೋಟಾರಿನ ಹೀಟರ್ ರಿಪೇರಿ ಮಾಡಿಸಲು ಅಲೆದವರನ್ನು ಯಾರಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರನ್ನೇ ಮದುವೆಯಾಗಿದ್ದೆ.

ನಗಬೇಡಿ ಮೊಮ್ಮಕ್ಕಳೇ. ಮೊನ್ನೆ ಕಾರಿನಲ್ಲಿ ಕೂತು ಎಸಿ ಸಾಲದು ಎಂದು ಗೊಣಗುತ್ತಿದ್ದಿರಲ್ಲ, ಆಗ ನೆನಪಾಯಿತು. ನಿಮ್ಮ ಅಜ್ಜ ಈಗಿಲ್ಲ. ಇದ್ದಿದ್ದರೆ ಈ ಕತೆಯನ್ನು ಅವರೇ ಹೇಳುತ್ತಿದ್ದರು. ಅದರಲ್ಲಿ ನಾನು ಇರುತ್ತಿರಲಿಲ್ಲ.

ಪೊಲೀಸ್ ಆಕ್ಷನ್ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ನಿಜಾಮರ ಕಾಲದ ಒಬ್ಬ ಅಧಿಕಾರಿ ಊರು ಬಿಡುವಾಗ ಮಾರಿದ ವಿಲಾಯತಿ ಮೋಟಾರು ಕಲಬುರ್ಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆಗೆ ಬಂತು. ಆಗಲೇ ಹಳೆಯದು. ಬಾಗಿಲು ಹಾಕಿದರೆ ತೆರೆಯುತ್ತಿರಲಿಲ್ಲ, ತೆರೆದರೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಒಳಗೆ ಹೀಟರ್ ಇತ್ತು. ವರ್ಷದಲ್ಲಿ ಎಂಟು ತಿಂಗಳು ಕಾದ ಹೆಂಚಿನಂತಿರುವ ಊರಿಗೆ ಹೀಟರ್. ನಿಮ್ಮ ಅಜ್ಜನಿಗೆ ಅದೇ ದೊಡ್ಡ ಹೆಮ್ಮೆ.

ಅದರ ಗರಜು ಬಿದ್ದದ್ದು ನನ್ನಿಂದ. ಚೊಚ್ಚಲ ಹೆರಿಗೆಗೆ ಕಮಲಾಪುರದ ತವರಿಗೆ ಹೋಗಿದ್ದೆ. ಹೆಣ್ಣು ಕೂಸು (ನಿಮ್ಮ ದೊಡ್ಡತ್ತೆ). ಮೂರು ತಿಂಗಳು ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಬಾಯಿಗೆ ಖಾರ. ತವರು ಸ್ವರ್ಗ ಎನ್ನುವವರು ಅಲ್ಲಿ ಬಾಣಂತನ ಮಾಡಿಸಿಕೊಂಡಿರಲಿಕ್ಕಿಲ್ಲ. ನನಗೆ ಮನೆಗೆ ಹೋಗಬೇಕಿತ್ತು. (ಆಗ ನನಗೆ ಹದಿನೆಂಟು. ಯಾಕೆ ಎಂದು ಕೇಳಬೇಡಿ.)

ನಮ್ಮ ಅವ್ವ ಗೋಡೆಯಂತೆ ನಿಂತಳು.

“ಈ ಥಂಡ್ಯಾಗ ಬಾಣಂತೀನ ಕಳಸಂಗಿಲ್ಲ. ಶಿವರಾತ್ರಿಗಿ ಚಳಿ ಶಿವಶಿವಾ ಅಂತ ಹೋಗ್ತದ. ಆವಾಗ ಬಂದು ಕರ್ಕೊಂಡು ಹೋಗ್ರಿ.”

ಶಿವರಾತ್ರಿಗೆ ಇನ್ನೂ ಎರಡು ತಿಂಗಳಿತ್ತು.

“ಅತ್ತೀರ, ಮೋಟಾರದಾಗ ಬಿಸಿ ಗಾಳಿ ಬರ್ತದರಿ. ಒಳಗ ಕುಂತ್ರ ವೈಶಾಖ,” ಎಂದರು ನಿಮ್ಮ ಅಜ್ಜ.

ಅವ್ವ ತಾನೇ ಒಳಗೆ ಹತ್ತಿ ಕೂತು, ಊರ ಹೊರಗಿನವರೆಗೆ ಒಂದು ಸುತ್ತು ಹೊಡೆಸಿದಳು. ಕೂಸಿಗೆ ಎರೆಯುವ ನೀರಿನ ಹದ ನೋಡುವಂತೆ ಮುಂಗೈ ತಿರುಗಿಸಿ, ಗಾಳಿ ಬರುವ ಕಿಂಡಿಗೆ ಹಿಡಿದಳಂತೆ.

“ಅಳಿಯಾರ, ನಮ್ಮ ಎಮ್ಮಿ ಉಸುರು ಇದಕ್ಕಿಂತ ಬೆಚ್ಚಗ ಅದ.”

ಮುಗಿಯಿತು. ಎಮ್ಮೆಯ ಮುಂದೆ ಸೋತ ಅಳಿಯ ಕಲಬುರ್ಗಿಗೆ ಹಿಂತಿರುಗಿ ಮಿಸ್ತ್ರಿ ಚಾಂದ್ ಮಿಯಾನ ಹತ್ತಿರ ಹೋದರು. ಹೀಟರ್ ಗರಂ ಆಗುತ್ತಿಲ್ಲ ಎಂದ ಕೂಡಲೇ ಆತ ಕೈಯಲ್ಲಿದ್ದ ಪಾನಾ (ಸ್ಪ್ಯಾನರ್) ಕೆಳಗಿಟ್ಟನಂತೆ.

“ಸಾವ್ಕಾರ್ರ, ಇಪ್ಪತ್ತು ವರ್ಷದಿಂದ ಈ ಧಂದಾ ಮಾಡಾಕತ್ತೀನಿ. ಕಲಬುರ್ಗ್ಯಾಗ ಗರ್ಮಿ ಕಮ್ ಆಗ್ಯಾದ ಅಂತ ಬಂದವ್ರು ನೀವ ಮೊದಲ್ನೇರು.”

ಪೈಪು ಬಿಚ್ಚಿ, ಹಿಂದಿನಿಂದ ನೀರು ಬಿಟ್ಟು ಹೀಟರ್ ತೊಳೆದ. ಅಂಬಲಿಯಂಥ ತುಕ್ಕು ನೀರು ಬಂತು. ಗಾಳಿ ತುಸು ಬಿಸಿಯಾಯಿತು, ಸಾಕಾಗಲಿಲ್ಲ. ಆಮೇಲೆ ಎಂಜಿನ್ ಕಡೆ ನೋಡಿ ತಲೆ ಕೆರೆದುಕೊಂಡ.

“ಥರ್ಮೋಸ್ಟಾಟ್ ಇಲ್ರಿ ಇದಕ್ಕ.”

“ಎಲ್ಲಿ ಹೋತು?”

“ನಾನ ತಗದೀನ್ರಿ. ಹ್ವಾದ ಬ್ಯಾಸಗ್ಯಾಗ ಎಂಜಿನ್ ಕುದೀತದ, ಏನರ ಮಾಡು ಅಂದ್ರಲ್ಲ, ನೀವ.”

ಹೀಟರಿಗೆ ಬಿಸಿ ಬರುವುದು ಎಂಜಿನ್ನಿನಲ್ಲಿ ಕಾದ ನೀರಿನಿಂದ. ಥರ್ಮೋಸ್ಟಾಟ್ ಎಂದರೆ ಆ ನೀರಿಗಿರುವ ಒಂದು ಪುಟ್ಟ ಬಾಗಿಲು. ನೀರು ಕಾಯುವವರೆಗೆ ಅದನ್ನು ಮುಂದಿನ ರೇಡಿಯೇಟರಿಗೆ ಹೋಗಿ ತಣಿಯಲು ಬಿಡುವುದಿಲ್ಲ. ನಮ್ಮ ಕಡೆ ಬೇಸಿಗೆ ಬಂತೆಂದರೆ ಮಿಸ್ತ್ರಿಗಳು ಮೊದಲು ಕಿತ್ತೆಸೆಯುತ್ತಿದ್ದದ್ದೇ ಅದನ್ನು. ಬಿಸಿಲೂರಿನವರಿಗೆ ಬಿಸಿ ಹಿಡಿದಿಡುವ ಸಾಮಾನು ಯಾಕೆ? ಹೊಸದು ಮುಂಬಯಿಯಿಂದ ಬರಬೇಕು. ಬರುವಷ್ಟರಲ್ಲಿ ಶಿವರಾತ್ರಿ.

ಆದರೂ ನಿಮ್ಮ ಅಜ್ಜ ಮತ್ತೆ ಕಮಲಾಪುರಕ್ಕೆ ಬಂದರು. ಎಂಜಿನ್ ಚಾಲೂ ಇಟ್ಟು ಮನೆ ಮುಂದೆ ಬಹಳ ಹೊತ್ತು ನಿಲ್ಲಿಸಿದರು. ಅವ್ವ ಕೂತಳು, ಕೈ ಹಿಡಿದಳು. ಬಿಸಿ! ನಾನು ಬಾಗಿಲ ಸಂದಿಯಲ್ಲಿ ನಿಂತು ಮನಸ್ಸಿನಲ್ಲೇ ಗಂಟು ಕಟ್ಟತೊಡಗಿದೆ. “ಒಂದು ಸುತ್ತು ಹೊಡೀರಿ,” ಎಂದಳು ಅವ್ವ. ಹೊಡೆದು ಬಂದರು.

“ಓಡಿದ ಕೂಡ್ಲೆ ಮತ್ತ ತಣ್ಣಗ ಆತು. ಶಿವರಾತ್ರಿಗಿ ಬರ್ರಿ.”

ನಿಂತರೆ ಬಿಸಿ, ಓಡಿದರೆ ತಣ್ಣಗೆ. ಇದೆಂಥ ರೋಗ? ನಾನು ಊರ ಸಾಲೆಯಲ್ಲಿ ಕಲಿತದ್ದು ನಾಲ್ಕು ಜಮಾತು. ಅಲ್ಲಿ ಎಂಜಿನ್ ಪಾಠ ಇರಲಿಲ್ಲ. ಆದರೆ ಮೂರು ತಿಂಗಳಿಂದ ಕೋಣೆಯ ಬಾಗಿಲಿಗೆ ಬಂದಾಗಲೆಲ್ಲ ನಾನು ಕೇಳಿದ್ದು ಒಂದೇ: “ಮಾರಿಗಿ ಗಾಳಿ ಬಡೀತದ, ಮುಚ್ಕೊ.” ಮೋಟಾರು ಓಡುವಾಗ ಅದರ ಮುಖಕ್ಕೂ ಗಾಳಿಯೇ ಬಡಿಯುತ್ತಿತ್ತಲ್ಲವೇ?

ಗೊತ್ತಾಯಿತು, ಸರಿ. ಹೇಳುವುದು ಹೇಗೆ? ಹಿರಿಯರ ಮುಂದೆ ಗಂಡನ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೇಳಬೇಕಾದ್ದನ್ನು ಕೂಸಿಗೆ ಹೇಳಬೇಕು, ಕೇಳಬೇಕಾದವರು ಕೇಳಿಸಿಕೊಳ್ಳಬೇಕು. ನಾನೋ ಕೂಸಿನ ಜೊತೆ ಮಾತಾಡಲೂ ನಾಚುವವಳು. ಆದರೆ ಅವರು ಹೊರಡಲು ಮೋಟಾರಿನ ಬಾಗಿಲಿಗೆ ಕೈ ಹಾಕಿಬಿಟ್ಟಿದ್ದರು.

“ತಂಗೀ, ನಿಮ್ಮಪ್ಪಗ ಹೇಳು,” ಎಂದೆ, ಎತ್ತಿಕೊಂಡಿದ್ದ ಕೂಸಿಗೆ. “ಮೋಟಾರಿನ ಮಾರಿಗಿ ಗಾಳಿ ಬಡಿಯಾಕತ್ತದ. ನಿನಗ ಕಟ್ಟಿದಂಗ ಅದಕ್ಕೂ ಒಂದು ಕುಂಚಿಗಿ ಕಟ್ಟು ಅಂತ.” (ಕುಂಚಿಗೆ ಎಂದರೆ ಕೂಸಿನ ತಲೆ, ಕಿವಿ ಮುಚ್ಚುವ ಟೋಪಿ. ನಿಮಗೆಲ್ಲ ಹೊಲಿದುಕೊಟ್ಟಿದ್ದೇನೆ, ಮರೆತಿರಬಹುದು.)

“ಮೋಟಾರೇನು ಬಾಣಂತಿ ಅದ?” ಎಂದರು ನಿಮ್ಮ ಅಜ್ಜ, ಕೂಸನ್ನು ನೋಡುತ್ತ.

“ಅಲ್ಲಂತ ಹೆಂಗ ಹೇಳ್ತೀರಿ?” ಎಂದಳು ಅವ್ವ. “ಮಿಸ್ತ್ರಿ ಕಡಿಂದ ಹೊಟ್ಟಿ ಖಾಲಿ ಮಾಡಿಸ್ಕೊಂಡು ಬಂದದಲ್ಲ.”

ಅವಳಿಗೆ ನನ್ನ ಮಾತು ಹಿಡಿಸಿತ್ತು. ಒಳಗಿಂದ ಹಳೆಯ ಕೌದಿ ತಂದು ರೇಡಿಯೇಟರಿನ ಜಾಲರಿಗೆ ತಾನೇ ಹೊದಿಸಿದಳು. ಪೂರ್ತಿ ಮುಚ್ಚಿದರೆ ಕುದಿಯುತ್ತದೆಂದು ನಿಮ್ಮ ಅಜ್ಜ ಕೆಳಗೆ ಒಂದು ಗೇಣು ಬಿಟ್ಟು ಹಗ್ಗ ಬಿಗಿದರು. ಮತ್ತೊಂದು ಸುತ್ತು. ಇಳಿದ ಅವ್ವ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

“ಏನ್ ನೋಡ್ಕೋತ ನಿಂತಿ? ಗಂಟು ಕಟ್ಟು.”

ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಕೌದಿ ಸರಿಸಬೇಕಾಯಿತು. ಎದುರು ಬಂದ ಗಾಡಿಯವನೊಬ್ಬ, “ಯಾಕ್ರೀ, ಮೋಟಾರಿಗಿ ಜ್ವರ ಬಂದಾವೇನು?” ಎಂದು ಕೇಳಿ ಹೋದ. ಒಳಗೆ ನಾನು ಮೂರು ತಿಂಗಳಲ್ಲಿ ಮೊದಲ ಸಲ ಕಿವಿಯ ಬಟ್ಟೆ ಬಿಚ್ಚಿ ಕೂತಿದ್ದೆ.

ಬೇಸಿಗೆಯಲ್ಲಿ ಬೇಡವೆಂದು ಕಿತ್ತೆಸೆದದ್ದನ್ನು ಚಳಿಯಲ್ಲಿ ಹುಡುಕುವುದು ಗಂಡಸರ ರಿಪೇರಿ. ಮನೆಯಲ್ಲಿ ಇದ್ದದ್ದನ್ನು ಹೊದಿಸಿ ಹೊರಡುವುದು ಹೆಂಗಸರದು. ಯಾವುದು ಮೇಲು ಎಂದು ನಾನು ಹೇಳುವುದಿಲ್ಲ. ತಲುಪಿದ್ದು ಯಾವುದರಿಂದ ಎಂದಷ್ಟೇ ಹೇಳಬಲ್ಲೆ.

ಬ್ರಹ್ಮಪುರದ ಮನೆಯಲ್ಲಿ ನಮ್ಮ ಅತ್ತೆ ಕೂಸಿನ ಅಂಗಾಲು ಮುಟ್ಟಿ ನೋಡಿದರು. “ಎಷ್ಟು ಬೆಚ್ಚಗ ಅದ. ಯಾರು ಮಾಡಿದ್ರು ರಿಪೇರಿ?”

“ನಾನ,” ಎಂದರು ನಿಮ್ಮ ಅಜ್ಜ.

ಶಿವರಾತ್ರಿಯವರೆಗೆ ಕಾಯದೆ ಮನೆ ಸೇರಿದೆನಲ್ಲ, ಅಷ್ಟು ಸಾಕು ಎಂದುಕೊಂಡೆ. ಆದರೂ ಒಂದು ಮಾತು ನಾಲಿಗೆಯ ತುದಿಗೆ ಬಂತು. ನೋಡಿದರೆ ಕೂಸು ಮಲಗಿಬಿಟ್ಟಿತ್ತು. ಇನ್ನು ಯಾರಿಗೆ ಹೇಳಲಿ?