ತುಪ್ಪ ಹಾಕದ ಹಾಲು

ಮೊದಲ ನಡುಕ ಬಂದದ್ದು ಮಧ್ಯಾಹ್ನದ ಹೊತ್ತು. ನನ್ನ ಹೆಂಡತಿ ನೀಲಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈಯಿಂದ ಮೊರ ಜಾರಿತು. ಬಿಸಿಲಲ್ಲಿ ಕೂತವಳು ಚಳಿ ಎಂದಳು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು.

ಕಂಪ್ಲಿಯಲ್ಲಿ ಕಾಲುವೆಯ ಮಗ್ಗುಲಿಗೆ ಬದುಕುವವರಿಗೆ ಚಳಿಜ್ವರ ಹೊಸದಲ್ಲ. ನೆಂಟರ ಹಾಗೆ ಬರುತ್ತದೆ, ಹೋಗುತ್ತದೆ. ಇದು ಹೋಗಲಿಲ್ಲ. ಗಾಡಿ ಕಟ್ಟಿಸಿ ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆಯ ಎಡಬದಿ ಒತ್ತಿ ನೋಡಿ, ಮಲೇರಿಯಾ, ಸ್ಪ್ಲೀನ್ ಅಂದರೆ ಗುಲ್ಮ ದೊಡ್ಡದಾಗಿದೆ ಎಂದರು. ಕ್ವಿನೈನ್ ಕೊಟ್ಟರು. ಜ್ವರ ಇಳಿಯಿತು.

ನೀಲಮ್ಮ ಮಾತ್ರ ಏಳಲಿಲ್ಲ.

ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎನ್ನುವಳು. ಅನ್ನ ಸೇರದು. ಕೈಯೆತ್ತಿದರೆ ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಮತ್ತೆ ಹೋಗಿ ಕೇಳಿದಾಗ ಡಾಕ್ಟರು, ಇನ್ನು ಮೈಗೆ ಶಕ್ತಿ ಬರಬೇಕು, ಅದು ನನ್ನ ಶೀಶೆಯಲ್ಲಿಲ್ಲ ಎಂದರು.

ಅಲ್ಲಿಂದ ಹಂಪಿ ಕಡೆಯ ಒಬ್ಬ ವೈದ್ಯರ ಮನೆಗೆ ಹೋದೆ. ಅವರು ಹಿರೇಮದ್ದಿನ, ಅಂದರೆ ಅಶ್ವಗಂಧದ ಬೇರು ಕೊಟ್ಟರು. ಕುಟ್ಟಿ ಹಾಲಿಗೆ ಹಾಕಿ, ಹಾಲಿನ ನಾಲ್ಕು ಪಟ್ಟು ನೀರು ಬೆರೆಸಿ, ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವ ತನಕ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೇಲೆ ಒಂದು ಚಮಚ ತುಪ್ಪ. ದಿನಾ ಕುಡಿದರೆ ಮೈ ಹಿಡಿಯುತ್ತದೆ, ಬೇರೆ ಔಷಧಿ ಬೇಡ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದವನೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವ್ವನಿಗೆ ಕೂಗಿ ಹೇಳಿದೆ.

“ಔಷಧ ಎಲ್ಲಾ ಮುಗೀತವ್ವ. ಇನ್ನ ಹಾಲು ತುಪ್ಪನ ಅಂದ್ರು.”

ಹಿರೇಮದ್ದಿಗೆ ಕುದುರೆ ಲಾಯದ ವಾಸನೆ. ಹೊಗೆಯಲ್ಲಿ ಕೂತು ನಾನೇ ಕಾಯಿಸಿದೆ. ನೀಲಮ್ಮ ಬಟ್ಟಲು ನೋಡಿ ಗೋಡೆಯ ಕಡೆ ಹೊರಳಿದಳು. ವಾಸನೆಗೆ ಒಲ್ಲೆ ಎನ್ನುತ್ತಾಳೆ ಎಂದುಕೊಂಡು ಬೆಲ್ಲ ಹಾಕಿದೆ, ಏಲಕ್ಕಿ ಹಾಕಿದೆ. ಮೂರು ದಿನ ಇದೇ ಹಾಡು. ಕಡೆಗೆ ಶಾಲೆಯ ಹುಡುಗರಿಗೆ ಗದರಿಸುವ ಹಾಗೆ ಗದರಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಬಟ್ಟಲನ್ನು ಅತ್ತ ಸರಿಸಿದಳು.

ನಾಲ್ಕನೆಯ ಬೆಳಿಗ್ಗೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಸಂಡೂರಿನಲ್ಲಿರುವ ತನ್ನ ತಂಗಿಗೆ ತನ್ನ ಮೂಗುತಿ ಕೊಡಬೇಕು ಎಂದು ನೀಲಮ್ಮ ಹೇಳಿದಳಂತೆ. ಆ ತಂಗಿಯನ್ನೇ ನನಗೆ ಮದುವೆ ಮಾಡಿ ತಂದುಕೊಳ್ಳಬೇಕಂತೆ. ಹೇಳುತ್ತ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಹೋಗಿ ಹಾಸಿಗೆಯ ಪಕ್ಕ ಕೂತೆ. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದೆ. ಗೋಡೆಯ ಕಡೆಯಿಂದ ಹೊರಳಿ ಹೇಳಿದಳು.

“ನನ್ನ ಹಾಲು ತುಪ್ಪ ನಾನ ಹೆಂಗ ಕುಡೀಲ್ರಿ?”

ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಗೋರಿಯ ಮೇಲೆ ಎರೆಯುವುದು ಹಾಲು ತುಪ್ಪ. ವೈದ್ಯರು ಕೈಬಿಟ್ಟರು, ಇನ್ನು ಉಳಿದದ್ದು ಅದೊಂದೇ ಎಂದು ನನ್ನ ಬಾಯಿಂದಲೇ ಕೇಳಿಸಿಕೊಂಡು ಮೂರು ದಿನ ಮಲಗಿದ್ದಳು. ನಾನು ಬೋರ್ಡು ಶಾಲೆಯ ಮೇಷ್ಟರು. ಮಕ್ಕಳಿಗೆ ಪದಗಳ ಅರ್ಥ ಬರೆಸುವವನು.

ವೈದ್ಯರು ಹೇಳಿದ್ದು ಮದ್ದಿನ ಹಾಲು ಎಂದು ಆಣೆ ಮಾಡಿ ಹೇಳಿದೆ. ಸಮಾಧಾನಕ್ಕೆ ಹೇಳುತ್ತೀರಿ ಎಂದಳು. ಆಗ ಅವ್ವ ಒಳಗೆ ಬಂದು, ತುಪ್ಪದ ಗಡಿಗೆಯನ್ನು ಅವಳ ಕಣ್ಣೆದುರೇ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದಳು.

“ತುಪ್ಪ ಬ್ಯಾಡ ಬಿಡವ್ವ. ಬರೇ ಹಾಲು ಕುಡಿ.”

ಅರ್ಧ ಬಟ್ಟಲು ಕುಡಿದಳು.

ನಾಲ್ಕು ತಿಂಗಳಾಯಿತು. ಈಗ ಗೋಡೆ ಹಿಡಿಯದೆ ಅಂಗಳದ ತನಕ ಬರುತ್ತಾಳೆ, ಕೂತು ಉಸಿರು ತೆಗೆದುಕೊಳ್ಳುತ್ತಾಳೆ. ಸ್ಪ್ಲೀನ್ ಇನ್ನೂ ಕೈಗೆ ಸಿಗುತ್ತದೆ. ಮೈ ಹಿಡಿದದ್ದು ಬೇರಿನಿಂದಲೋ, ಹಾಲಿನಿಂದಲೋ, ಕ್ವಿನೈನಿನಿಂದಲೋ ನನಗೆ ತಿಳಿಯದು. ಜ್ವರ ಮತ್ತೆ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ತಾನಿಲ್ಲದ ಮನೆಯನ್ನು ಅವಳು ಮೂರು ದಿನ ನೋಡಿಬಿಟ್ಟಿದ್ದಾಳೆ. ಅದಕ್ಕೆ ಮದ್ದಿಲ್ಲ.

ದಿನಾ ಬಟ್ಟಲು ಕೊಟ್ಟಾಗ ಇದರಲ್ಲಿ ಏನೇನು ಹಾಕಿದ್ದೀರಿ ಎಂದು ಕೇಳುತ್ತಾಳೆ. ಹೇಳುತ್ತೇನೆ. ಹೇಳುವಾಗ ಅವಳು ಬಟ್ಟಲು ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಆಮೇಲೆ ಕುಡಿಯುತ್ತಾಳೆ.